ಪಸೆ ಇಲ್ಲದ ಬುತ್ತಿ

ಮೇ ತಿಂಗಳ ರಜೆ ಬಂತೆಂದರೆ ಪುಣೆಯ ನಮ್ಮ ಕನ್ನಡ ಮನೆಗಳ ಕಾರುಗಳು ಊರಿನ ಕಡೆ ಮುಖ ಮಾಡುತ್ತವೆ. ಹುಬ್ಬಳ್ಳಿಯಾಗಲಿ, ಬಾಗಲಕೋಟೆಯಾಗಲಿ, ಬೆಳಗಿನ ಐದಕ್ಕೆ ಹೊರಟರೂ ಮಧ್ಯಾಹ್ನದ ಊಟ ದಾರಿಯಲ್ಲೇ. ಹೊಸದಾಗಿ ಸಂಸಾರ ಹೂಡಿದ ಹುಡುಗಿಯರು "ಕಾಕು, ಐಸ್ ಪೆಟ್ಟಿಗೆ ಕೊಳ್ಳಬೇಕೇ?" ಎಂದು ಕೇಳುತ್ತಾರೆ. ಬೇಡವೇ ಬೇಡ. ಬುತ್ತಿಯನ್ನು ಕೆಡಿಸುವುದು ಬಿಸಿಲು ಮತ್ತು ಪಸೆ, ಎರಡೂ ಸೇರಿ. ಬಿಸಿಲು ನಮ್ಮ ಮಾತು ಕೇಳುವುದಿಲ್ಲ, ಪಸೆ ಕೇಳುತ್ತದೆ. ಒಣಗಿದ್ದನ್ನು ಒಣಗಿದಂತೆಯೇ ಒಯ್ಯಿರಿ, ಹಸಿಯದ್ದನ್ನು ಸಿಪ್ಪೆ ಸಮೇತ ಇಡಿಯಾಗಿ ಒಯ್ಯಿರಿ, ಎರಡನ್ನೂ ಉಣ್ಣುವ ಹೊತ್ತಿಗೆ ಕೂಡಿಸಿ. ಎತ್ತಿನ ಬಂಡಿಯಲ್ಲಿ ಜಾತ್ರೆಗೆ ಹೋಗುತ್ತಿದ್ದ ನಮ್ಮ ಹಿರಿಯರು ಖಡಕ್ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡದ್ದರಲ್ಲಿ ಇದೇ ತಿಳಿವಳಿಕೆ ಇತ್ತು.

ಮಕ್ಕಳಿರುವ ಮನೆಗೆ ನಾನು ಮೊದಲು ಹೇಳುವುದು ದಶಮಿ, ಅಂದರೆ ಹಾಲಿನ ಚಪಾತಿ. ಗೋಧಿ ಹಿಟ್ಟನ್ನು ನೀರಿನ ಬದಲು ಕಾಯಿಸಿ ಆರಿಸಿದ ಹಾಲಿನಲ್ಲಿ ಕಲೆಸಬೇಕು. ಎರಡು ಬಟ್ಟಲು ಹಿಟ್ಟಿಗೆ ಒಂದು ದೊಡ್ಡ ಚಮಚ ತುಪ್ಪ, ರುಚಿಗೆ ಉಪ್ಪು ಸಾಕು. ಹಾಲು, ತುಪ್ಪದ ಜಿಡ್ಡು ಇರುವುದರಿಂದ ಆರಿದ ಮೇಲೂ ನಾರಾಗುವುದಿಲ್ಲ. ಎರಡೂ ಬದಿಗೆ ಕಂದು ಚುಕ್ಕೆ ಏಳುವಂತೆ ಬೇಯಿಸಿ, ಎಲ್ಲಿಯೂ ಹಸಿ ಉಳಿಯಬಾರದು. ಇನ್ನು ಮುಖ್ಯವಾದ ಕೆಲಸ ಆರಿಸುವುದು. ತವೆಯಿಂದ ಇಳಿದ ದಶಮಿಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ತೆಳುವಾದ ಹತ್ತಿ ಬಟ್ಟೆ ಹಾಸಿ ಬಿಡಿಬಿಡಿಯಾಗಿ ಹರವಿ, ಸ್ವಲ್ಪ ಹೊತ್ತಿನ ಮೇಲೆ ಮಗುಚಿ ಹಾಕಿ. ಮಗುಚಿದಾಗ ಬಟ್ಟೆಯ ಮೇಲೆ ದುಂಡಗೆ ತೇವದ ಗುರುತು ಕಾಣುತ್ತದೆ. ಆ ತೇವ ಡಬ್ಬಿಯೊಳಗೆ ಹೋಗಬಾರದು. ಅಂಗೈಯ ಹಿಂಬದಿಯನ್ನು ಇಟ್ಟು ನೋಡಿ, ತುಸು ಬೆಚ್ಚಗಿದ್ದರೂ ಕಾಯಿರಿ. ಬೆಚ್ಚಗಿರುವಾಗಲೇ ಮುಚ್ಚಿದರೆ ಆವಿ ಮುಚ್ಚಳದಲ್ಲಿ ಹನಿಗಟ್ಟಿ ಮತ್ತೆ ದಶಮಿಯ ಮೇಲೆಯೇ ಬೀಳುತ್ತದೆ. ಮಧ್ಯಾಹ್ನ ಡಬ್ಬಿ ತೆಗೆದಾಗ ಹುಳಿ ವಾಸನೆ, ಕೈಗೆ ಅಂಟು. ಹಾಲಿನದಾದ್ದರಿಂದ ಬೇಸಿಗೆಯಲ್ಲಿ ಅದೇ ದಿನ ಮುಗಿಸಿಬಿಡಿ. ಎರಡನೆಯ ದಿನವೂ ದಾರಿ ಉಳಿದಿದ್ದರೆ ಖಡಕ್ ರೊಟ್ಟಿಯೇ ಆಗಬೇಕು.

ದಶಮಿಯ ಜೊತೆಗೆ ಶೇಂಗಾ ಚಟ್ನಿಪುಡಿ. ಹಸಿ ಬೆಳ್ಳುಳ್ಳಿ ಕುಟ್ಟಿ ಹಾಕುವ ರೂಢಿ ನಮ್ಮಲ್ಲಿದೆ, ಮನೆಯಲ್ಲಿ ತಿನ್ನಲು ಅದರ ರುಚಿಗೆ ಎಣೆಯಿಲ್ಲ. ಪ್ರಯಾಣಕ್ಕಾದರೆ ಬೆಳ್ಳುಳ್ಳಿಯನ್ನು ಗರಿಗರಿಯಾಗಿ ಹುರಿದು ಹಾಕಿ. ಹಸಿ ತೆಂಗಿನಕಾಯಿ ಯಾವುದರಲ್ಲೂ ಬೇಡ, ಒಣ ಕೊಬ್ಬರಿ ನಡೆಯುತ್ತದೆ. ಪುಡಿಯನ್ನು ತುಪ್ಪದಲ್ಲಿ ಕಲೆಸಿ ದಶಮಿಗೆ ಸವರಿ ಸುರುಳಿ ಸುತ್ತಿ ಕೊಟ್ಟರೆ ಮಕ್ಕಳು ಕಾರಿನ ಸೀಟಿಗೆ ಚೆಲ್ಲದೆ ತಿನ್ನುತ್ತಾರೆ. ಚೆನ್ನಾಗಿ ಕಾಯಿಸಿದ ತುಪ್ಪದಲ್ಲಿ ನೀರಿನಂಶ ಉಳಿದಿರುವುದಿಲ್ಲ, ಅದಕ್ಕೇ ಅದು ಬೆಣ್ಣೆಯಷ್ಟು ಬೇಗ ಕೆಡುವುದಿಲ್ಲ.

ನಡುನಡುವೆ ಬಾಯಾಡಿಸಲು ಹಚ್ಚಿದ ಅವಲಕ್ಕಿಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ತೆಳು ಅವಲಕ್ಕಿಯನ್ನು ಬಿಸಿಲಿಗಿಟ್ಟು ಅಥವಾ ಸಣ್ಣ ಉರಿಯಲ್ಲಿ ಹುರಿದು, ಬೆರಳಲ್ಲಿ ಒತ್ತಿದರೆ ಪುಡಿಯಾಗುವಂತೆ ಮಾಡಿಕೊಳ್ಳಿ. ಒಗ್ಗರಣೆಯಲ್ಲಿ ಶೇಂಗಾ, ಪುಟಾಣಿ (ಹುರಿಗಡಲೆ), ಕೊಬ್ಬರಿ ಚೂರು, ಅರಿಶಿಣ. ಕರಿಬೇವನ್ನು ಮಾತ್ರ ಚಟಪಟ ಸದ್ದು ಪೂರ್ತಿ ನಿಲ್ಲುವವರೆಗೆ ಹುರಿಯಬೇಕು. ಸದ್ದು ಇದೆ ಎಂದರೆ ಎಲೆಯಲ್ಲಿ ಇನ್ನೂ ನೀರಿದೆ, ಆ ನೀರೇ ನಾಳೆ ಅವಲಕ್ಕಿಯನ್ನು ಮೆತ್ತಗೆ ಮಾಡುತ್ತದೆ. ಕೊನೆಗೆ ಒಂದು ಚಮಚ ಮೆಂತ್ಯದ ಹಿಟ್ಟು (ಬೇಳೆ, ಮೆಂತ್ಯ ಹುರಿದು ಬೀಸಿದ ಪುಡಿ), ಪುಣೆಯವರ ಮೇತಕೂಟ ಆದರೂ ಸರಿ. ಸೌತೆಕಾಯಿ, ಉಳ್ಳಾಗಡ್ಡಿ, ನಿಂಬೆಹಣ್ಣುಗಳನ್ನು ಇಡಿಯಾಗಿ ಚೀಲದಲ್ಲಿಟ್ಟುಕೊಳ್ಳಿ. ನೆರಳು ನೋಡಿ ಕಾರು ನಿಲ್ಲಿಸಿದಾಗ ಹೆಚ್ಚಿ ಅವಲಕ್ಕಿಗೆ ಕಲೆಸಿ, ನಿಂಬೆ ಹಿಂಡಿದರೆ ಅಲ್ಲಿಯೇ ತಾಜಾ ತಿಂಡಿ. ಕರಿದ ಪ್ಯಾಕೆಟ್ಟುಗಳಿಗೆ ಹಣ ಸುರಿಯುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಷ್ಟೊಂದು ಉಪ್ಪು ತಿಂದ ಮಗು ದಾರಿಯುದ್ದಕ್ಕೂ ನೀರು ಬೇಡುತ್ತದೆ.

ಅನ್ನದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಮೊಸರು ಬುತ್ತಿ, ಚಿತ್ರಾನ್ನ ಎಲ್ಲರಿಗೂ ಪ್ರೀತಿಯೇ. ಆದರೆ ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳಿರಬಹುದು. ಅವು ಕುದಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕುಳಿತಷ್ಟೂ ಬೆಳೆದು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗದಿರಬಹುದು. ಬೇಯಿಸಿದ, ಪಸೆ ಇರುವ ಪದಾರ್ಥಕ್ಕೆ ಹೊರಗೆ 2 ಗಂಟೆ, ಸೆಕೆ 32 ಡಿಗ್ರಿ ದಾಟಿದರೆ 1 ಗಂಟೆ ಎಂಬುದು ಆಹಾರ ಸುರಕ್ಷತೆಯ ಲೆಕ್ಕ. ಆದ್ದರಿಂದ ಪುಣೆಯಲ್ಲಿ ಕಟ್ಟಿದ ಮೊಸರು ಬುತ್ತಿ ಬೆಳಗಿನ ತಂಪಿನಲ್ಲೇ, ಸಾತಾರಾ ಬರುವುದರೊಳಗೆ ಖಾಲಿಯಾಗಬೇಕು. ಕೊಲ್ಲಾಪುರದವರೆಗೆ ಇಟ್ಟುಕೊಳ್ಳಬೇಡಿ. ಬೇಯಿಸಿದ ಮೊಟ್ಟೆಗೂ, ಹೆಚ್ಚಿದ ಹಣ್ಣಿಗೂ ಇದೇ ಲೆಕ್ಕ.

ಹಣ್ಣುಗಳಲ್ಲಿ ಪೇರಲ, ಮೋಸಂಬಿ, ಸೇಬು ನಿಶ್ಚಿಂತೆ. ಬಾಳೆಹಣ್ಣನ್ನು ಸ್ವಲ್ಪ ದೋರೆಗಾಯಿ ನೋಡಿ ತೆಗೆದುಕೊಂಡು ಎಲ್ಲದರ ಮೇಲಿಡಿ. ಮನೆಯಲ್ಲೇ ತೊಳೆದು, ಬಟ್ಟೆಯಲ್ಲಿ ಒರೆಸಿ ಒಣಗಿಸಿ ಒಯ್ಯಿರಿ.

ಈಗ ಸಣ್ಣ ಮಕ್ಕಳ ಮಾತು, ಇದನ್ನು ದಯವಿಟ್ಟು ಮನಸ್ಸಿಟ್ಟು ಕೇಳಿ. ಐದು ವರ್ಷದೊಳಗಿನ ಮಗುವಿಗೆ ಇಡೀ ಶೇಂಗಾ, ಪುಟಾಣಿ, ಇಡೀ ದ್ರಾಕ್ಷಿ ಕೊಡಬೇಡಿ. ಓಡುವ ಕಾರಿನಲ್ಲಂತೂ ಕೂಡದು. ಒಂದು ಗುಂಡಿಗೆ ಹಾರಿದರೂ ಸಾಕು, ಕಾಳು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅವರಿಗೆ ಪುಡಿ ಸವರಿದ ದಶಮಿ, ಮೆತ್ತನೆಯ ತಂಬಿಟ್ಟು ಇರಲಿ, ಅದೂ ಕಾರು ನಿಂತಾಗ. ಖಂಬಾಟಕಿ ಘಾಟ್ ಹತ್ತುವ ಮೊದಲು, ಗೋವೆಯ ಕಡೆ ಹೊರಟಿದ್ದರೆ ಆಂಬೋಲಿ ಅಥವಾ ಚೋರ್ಲಾ ಘಾಟ್‌ಗೆ ಮೊದಲು, ಎಣ್ಣೆಯ ತಿಂಡಿಯ ಡಬ್ಬಿ ತೆಗೆಯಲೇಬೇಡಿ, ತಿರುವುಗಳಲ್ಲಿ ವಾಕರಿಕೆ ಬಂದೀತು. ಬರೀ ಹೊಟ್ಟೆಯೂ ಒಳ್ಳೆಯದಲ್ಲ. ಒಂದು ಹಿಡಿ ಬರೀ ಚುರುಮುರಿ, ದೊಡ್ಡವರಿಗೆ ಒಂದು ಚೂರು ಶುಂಠಿ. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವ ಹಿರಿಯರು ಜೊತೆಗಿದ್ದರೆ ಅವರ ಕೈಚೀಲದಲ್ಲಿಯೇ ಬೇರೆ ಡಬ್ಬಿ ಇರಬೇಕು, ರಕ್ತದಲ್ಲಿ ಸಕ್ಕರೆ ತೀರಾ ಇಳಿದರೆ ಬೇಕಾದೀತೆಂದು ಅದರಲ್ಲಿ ಒಂದಿಷ್ಟು ಸಕ್ಕರೆಯೂ ಇರಬೇಕು. ಟೋಲ್ ನಾಕಾದ ಸಾಲಿನಲ್ಲಿ ಊಟದ ಹೊತ್ತು ಮೀರಿದಾಗ ಡಿಕ್ಕಿ ತೆಗೆದು ಹುಡುಕಲಾಗುವುದಿಲ್ಲ.

ಕುಡಿಯಲು ನೀರೇ ಮೇಲು. ಮಜ್ಜಿಗೆ ಸೆಕೆಗೆ ಹುಳಿಯೇರುತ್ತದೆ. ಕೊಂಕಣದ ಉಪ್ಪು ಹಾಕಿದ ಕೋಕಂ ಆಗಳ (ಮುರುಗಲು ಹಣ್ಣಿನ ಗಟ್ಟಿ ರಸ) ತಂಪಿಲ್ಲದೆಯೂ ಬಾಳುತ್ತದೆ. ಗಾಜಿನ ಚಿಕ್ಕ ಬಾಟಲಿಯಲ್ಲಿ ಒಯ್ದು, ಬೇಕೆಂದಾಗ ಲೋಟಕ್ಕೆ ಒಂದು ಚಮಚ ಬೆರೆಸಿ ಜೀರಿಗೆ ಪುಡಿ ಉದುರಿಸಿ. ಯಾರಿಗಾದರೂ ವಾಂತಿಭೇದಿಯಾದರೆ 1 ಲೀಟರ್ ಶುದ್ಧ ನೀರಿಗೆ 6 ಸಮತಟ್ಟಾದ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕೊಡಿ. ಅಳತೆ ತಪ್ಪಬಾರದು, ಹಾಗಾಗಿ ಆ ಚಮಚವನ್ನೂ ಜೊತೆಗಿಟ್ಟುಕೊಳ್ಳಿ.

ಒಂದು ದೊಡ್ಡ ಡಬ್ಬಿಗಿಂತ ನಾಲ್ಕು ಚಿಕ್ಕ ಡಬ್ಬಿಗಳು ಲೇಸು. ದೊಡ್ಡದನ್ನು ತೆಗೆದಾಗಲೆಲ್ಲ ಹೊರಗಿನ ತೇವದ ಗಾಳಿ ಒಳಹೊಗುತ್ತದೆ. ಗಣಪತಿ ಹಬ್ಬಕ್ಕೆ ಮಳೆಯಲ್ಲಿ ಹೊರಟಾಗ ಇದರ ಪರಿಣಾಮ ಬೇಗ ತಿಳಿಯುತ್ತದೆ. ಚಟ್ನಿಪುಡಿಗೆ ಒಣ ಚಮಚ ಬೇರೆಯೇ ಇರಲಿ. ಚೀಲವನ್ನು ಹಿಂದಿನ ಗಾಜಿನ ಕೆಳಗೆ ಇಡಬೇಡಿ, ಕಾಲ ಬಳಿ ನೆರಳಿನಲ್ಲಿಡಿ. ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಅರ್ಧ ಗಂಟೆಯಲ್ಲೇ ಹೊರಗಿಗಿಂತ ಸುಮಾರು 20 ಡಿಗ್ರಿ ಹೆಚ್ಚು ಕಾವೇರಬಹುದು. ಇಳಿದು ಹೋಗುವಾಗ ಬುತ್ತಿಯ ಚೀಲವೂ ನಿಮ್ಮ ಹೆಗಲಿಗೇ ಬರಲಿ.

ಊರು ಮುಟ್ಟಿದ ಮೇಲೆ ಉಳಿದ ದಶಮಿಯನ್ನು ಮರುದಿನ ಮಕ್ಕಳಿಗೆ ಕೊಡಬೇಡಿ. ಮೆತ್ತಗಾದ ಅವಲಕ್ಕಿಯನ್ನು, ಏನೂ ಕಲೆಸದೆ ಉಳಿದಿದ್ದರೆ, ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸಿ, ಮತ್ತೆ ಗರಿಯಾಗುತ್ತದೆ.