ಕೆರೆಗೆ ಕಯಾಕ್ ಇಳಿಸಿ ಮಲ್ಚಿಂಗ್ ಪೇಪರ್ ಎಳೆದಿದ್ದು

ಕಯಾಕ್ ತಗೊಂಡಿದ್ದು ಭಾನುವಾರ ಬೆಳಗ್ಗೆ ಸುಮ್ನೆ ನೀರಿನ ಮೇಲೆ ಓಡಾಡ್ಕೊಂಡಿರೋಣ ಅಂತ. ಕೋಲಾರದವನಿಗೆ ದೋಣಿ ಯಾಕೋ ಅಂತ ಮನೇಲಿ ನಕ್ಕಿದ್ರು, ಅದೂ ಸರಿನೇ, ನಾವು ಚಿಕ್ಕವರಿದ್ದಾಗ ಕೆರೆ ಅಂದ್ರೆ ಕ್ರಿಕೆಟ್ ಆಡೋ ಜಾಗ. 2018ರಲ್ಲಿ ಕೆ.ಸಿ. ವ್ಯಾಲಿ (ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆ ನೀರು ನಮ್ಮ ಕಡೆಯ ಲಕ್ಷ್ಮೀಸಾಗರ ಕೆರೆಗೆ ಬಂದು ಅಲ್ಲಿಂದ ಒಂದೊಂದೇ ಕೆರೆ ತುಂಬ್ಕೊಂಡು ಬಂತಲ್ಲ, ಆಮೇಲೆ 2021ರ ನವೆಂಬರ್ ಮಳೆ, ನಮ್ಮೂರ ಕೆರೆನೂ ಕೋಡಿ ಬಿತ್ತು. ಒಣಗಿದ್ದಾಗ ಅದರೊಳಗೆ ಏನೇನು ಸುರಿದಿದ್ವಿ ಅನ್ನೋದು ಆಗ ಗೊತ್ತಾಯ್ತು, ಎಲ್ಲಾ ತೇಲ್ಕೊಂಡು ಮೇಲೆ ಬಂತು.

ಕಸ ಎತ್ತೋಣ ಅಂತ ನಾಲ್ಕು ಜನ ಇಳಿದ ಮೊದಲ ದಿನವೇ ಎಡವಟ್ಟು. ನಮ್ದು ಗಾಳಿ ತುಂಬೋ ಕಯಾಕ್. ಕೆರೆ ಒಣಗಿದ್ದಾಗ ಒಳಗೆಲ್ಲ ಬಳ್ಳಾರಿ ಜಾಲಿ ಬೆಳೆದಿತ್ತು, ನೀರು ನಿಂತು ಗಿಡ ಸತ್ರೂ ಮುಳ್ಳು ಹಾಗೇ ಒಂದಡಿ ಕೆಳಗೆ ನಿಂತಿರುತ್ತೆ, ಮೇಲಿಂದ ಕಾಣಲ್ಲ. ದಡದಿಂದ ನೂರಡಿ ಹೋಗಿರ್ಲಿಲ್ಲ, ಬುಸ್ ಅಂತು. ಮೀನಿನ ಟೆಂಡರ್ ಹಿಡಿದಿದ್ದ ತಾತ ಹರಿಗೋಲು ತಿರುಗಿಸ್ಕೊಂಡು ಬಂದು ನಮ್ಮನ್ನ ಎತ್ತಾಕೊಂಡ್ರು. "ಏನಪ್ಪ, ಆಟದ ಸಾಮಾನು ತಗೊಂಡು ಕೆರೆಗೆ ಬಂದಿದ್ದೀರ?"

ಅವತ್ತಿಂದ ತಾತನೇ ನಮ್ಮ ಮೇಷ್ಟ್ರು. ಬಲೆ ಹಾಕಿರೋ ಕಡೆ ಬರಬಾರದು, ಜೊಂಡಲ್ಲಿ ನೀರುಕೋಳಿ ಗೂಡಿದ್ರೆ ಆ ಕಡೆನೇ ಹೋಗಬಾರದು, ಇಷ್ಟೇ ಕಂಡೀಷನ್. ಗಾಳಿ ಕಯಾಕ್ ಮೂಲೆಗೆ ಹಾಕಿ ಗಟ್ಟಿ ಪ್ಲಾಸ್ಟಿಕ್ಕಿಂದು ಸೆಕೆಂಡ್ ಹ್ಯಾಂಡ್ ತಂದ್ವಿ, ಹಿಂದೆ ಹಗ್ಗ ಕಟ್ಟಿ ತಾತನ ಹರಿಗೋಲು ಎಳ್ಕೊಂಡು ಹೋಗ್ತೀವಿ. ಕಯಾಕ್‌ಗೆ ಒಂದು ಪಕ್ಕ ಭಾರ ಬಿದ್ರೆ ವಾಲುತ್ತೆ, ಹರಿಗೋಲಿಗೆ ತಳ ಅಗಲ, ಕಸ ಹಾಕಿದ್ರೆ ಗಿರಗಿರ ಸುತ್ತುತ್ತೆ ಹೊರತು ಅಷ್ಟು ಸುಲಭಕ್ಕೆ ಮಗುಚಲ್ಲ.

ಇನ್ನೊಂದು ತಾತ ಹೇಳಿದ್ದು, ಕಸ ಹುಡುಕ್ಕೊಂಡು ಕೆರೆಯೆಲ್ಲ ಸುತ್ತಬೇಡಿ, ಗಾಳಿ ನೋಡಿ ಅಂತ. ಮುಂಗಾರಲ್ಲಿ ಪಡುವಣ ಗಾಳಿ, ತೇಲೋದೆಲ್ಲ ಮೂಡಣ ದಡದ ಜೊಂಡಿಗೆ ಹೋಗಿ ಸೇರುತ್ತೆ, ಹಿಂಗಾರಲ್ಲಿ ಉಲ್ಟಾ. ಇದು ಗೊತ್ತಾದ್ಮೇಲೆ ಅರ್ಧ ದಿನದ ಕೆಲಸ ಎರಡು ಗಂಟೆಗೆ ಬಂತು.

ಬಾಟ್ಲು, ಎಣ್ಣೆ ಟೆಟ್ರಾ ಪ್ಯಾಕು, ಔಷಧಿ ಡಬ್ಬ, ಗಣೇಶನ ಹಬ್ಬದ ಥರ್ಮಾಕೋಲು, ಇವೆಲ್ಲ ಸುಲಭ. ಪ್ರಾಣ ತಿನ್ನೋದು ಟೊಮ್ಯಾಟೊ ತೋಟದ ಮಲ್ಚಿಂಗ್ ಪೇಪರ್, ಹೆಸರಿಗೆ ಪೇಪರ್, ನಿಜಕ್ಕೂ ಗಿಡದ ಬುಡಕ್ಕೆ ಹಾಸೋ ತೆಳು ಪ್ಲಾಸ್ಟಿಕ್ ಹಾಳೆ. ಅದು 25-30 ಮೈಕ್ರಾನ್ ದಪ್ಪ ಇರುತ್ತೆ ಅಷ್ಟೇ, ಬೆಳೆ ಮುಗಿಯೋ ಹೊತ್ತಿಗೆ ಬಿಸಿಲಿಗೆ ಹರಿದು ಚಿಂದಿಚಿಂದಿ, ಬದುವಿಗೆ ಎಸೆದಿದ್ದು ಮಳೆ ನೀರಲ್ಲಿ ಕಾಲುವೆ ಹಿಡಿದು ಕೆರೆಗೆ ಬರುತ್ತೆ, ಬಂದು ಸತ್ತ ಜಾಲಿಗೆ ಸೀರೆ ಥರ ಸುತ್ಕೊಳುತ್ತೆ. ತುದಿ ಹಿಡಿದು ಜೋರಾಗಿ ಎಳೆದ್ರೆ ಪೇಪರ್ ಬರಲ್ಲ, ನಾವೇ ನೀರಿಗೆ ಹೋಗ್ತೀವಿ, ನಾನು ಎರಡು ಸಲ ಹೋಗಿದ್ದೀನಿ. ಈಗ ಒಬ್ಬ ಹುಟ್ಟು ಹಾಕಿ ದೋಣಿ ನಿಲ್ಲಿಸ್ತಾನೆ, ಇನ್ನೊಬ್ಬ ಕುಡುಗೋಲಲ್ಲಿ ಮೊಳಮೊಳ ಕೊಯ್ದು ನೀರಲ್ಲೇ ಜಾಲಾಡಿ ಮಣ್ಣು ಬಿಡಿಸಿ ಹಾಕ್ತಾನೆ, ಮಣ್ಣು ಬಿಡಿಸ್ದೇ ಹಾಕಿದ್ರೆ ಒಂದು ಗಂಟು ಎತ್ತಕ್ಕೂ ಇಬ್ಬರು ಬೇಕು.

ಹಾಕೋದಕ್ಕೆ ಟೊಮ್ಯಾಟೊ ಕ್ರೇಟೇ ಬೆಸ್ಟು, ನಮ್ಮೂರಲ್ಲಿ ಅದಕ್ಕೇನು ಬರನಾ! ತೂತಿರೋದ್ರಿಂದ ನೀರು ತಾನಾಗೇ ಇಳಿದು ಹೋಗುತ್ತೆ. ಮೊದಲು ಯೂರಿಯಾ ಚೀಲ ತಗೊಂಡು ಹೋಗಿ ಕಸಕ್ಕಿಂತ ನೀರೇ ಜಾಸ್ತಿ ಹೊತ್ತಿದ್ವಿ.

ಈ ಕೆ.ಸಿ. ವ್ಯಾಲಿ ನೀರು ಬೆಂಗಳೂರಿನ ಕೊಳಚೆನ ಎರಡು ಹಂತ ಶುದ್ಧ ಮಾಡಿ ಬಿಡೋದು, ಅಂತರ್ಜಲಕ್ಕೆ ಅಂತ, ಕುಡಿಯಕ್ಕಲ್ಲ. ಹಂಗಾಗಿ ಮೊಣಕೈವರೆಗೂ ಗ್ಲೌಸ್, ಗಾಯ ಇದ್ದವನು ಏರಿ ಮೇಲೇ ಇರಬೇಕು, ಈಜು ಬರುತ್ತೆ ಅನ್ನೋನೂ ಲೈಫ್ ಜಾಕೆಟ್ ಹಾಕಲೇಬೇಕು, ಹಳೇ ಬಲೆ ಕಾಲಿಗೆ ಸಿಕ್ರೆ ಈಜು ಕೆಲಸಕ್ಕೆ ಬರಲ್ಲ.

ಎತ್ತಿದ್ಮೇಲಿಂದೇ ತಲೆನೋವು. ಒದ್ದೆ ಕಸ ಗಾಡಿಯವರು ಮುಟ್ಟಲ್ಲ, ಏರಿ ಮೇಲೆ ಒಣಗಕ್ಕೆ ಬಿಟ್ರೆ ನಾಯಿಗಳು ಎಳೆದಾಡಿ ಮತ್ತೆ ಕೆರೆಗೇ. ಈಗ ಕ್ರೇಟ್ ಮೇಲೆ ಹಳೇ ಬಲೆ ಮುಚ್ಚಿ ಎರಡು ದಿನ ಬಿಡ್ತೀವಿ. ಬಾಟ್ಲು ಗುಜರಿಯವನು ತಗೊಂತಾನೆ. ಮಲ್ಚಿಂಗ್ ಪೇಪರ್ ಮಾತ್ರ ಮಣ್ಣು ಮೆತ್ತಿದೆ ಬೇಡ ಅಂದ, ಹನ್ನೊಂದು ಕ್ರೇಟು ತಾತನ ಗುಡಿಸಲ ಹಿಂದೆ ಹಾಗೇ ಬಿದ್ದಿದೆ, ತಾತ ದಿನಾ ಬೈತಾ ಇದ್ದಾರೆ. ಇದನ್ನ ತಗೊಳ್ಳೋರು ಯಾರಾದ್ರೂ ಗೊತ್ತಿದ್ರೆ ಹೇಳಿ ಮಾರಾಯ್ರೆ.