ಕಾವೇರಿ ದಡದಿಂದ ಕರೀಘಟ್ಟಕ್ಕೆ: ಶ್ರೀರಂಗಪಟ್ಟಣದ ಸುತ್ತ ಓಡುವವರಿಗೆ

ಶೂ ದಾರ ಕಟ್ಟುವ ಮೊದಲು ಕನ್ನಂಬಾಡಿ (ಕೆಆರ್‌ಎಸ್) ಅಣೆಕಟ್ಟೆಯಿಂದ ಹೊಳೆಗೆ ಎಷ್ಟು ನೀರು ಬಿಟ್ಟಿದ್ದಾರೆಂದು ತಿಳಿದುಕೊಳ್ಳಿ. ಕಾವೇರಿ ಇಲ್ಲಿ ಎರಡು ಸೀಳಾಗಿ ಊರನ್ನು ಬಳಸಿ, ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಹಾಗಾಗಿ ಇಲ್ಲಿನ ಯಾವ ದಾರಿ ಹಿಡಿದರೂ ನೀರು ದೂರವಿರುವುದಿಲ್ಲ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಅಣೆಕಟ್ಟೆಯ ಮಟ್ಟ ಗರಿಷ್ಠ 124.80 ಅಡಿಯ ಹತ್ತಿರ ಬಂದಾಗ ಹೊರಹರಿವು ಒಂದೇ ದಿನದಲ್ಲಿ ಹಲವು ಪಟ್ಟು ಏರಬಹುದು. ಬಿಟ್ಟ ನೀರು ಕೆಲವೇ ಗಂಟೆಗಳಲ್ಲಿ ಪಟ್ಟಣದ ಸ್ನಾನಘಟ್ಟದ ಮೆಟ್ಟಿಲು ಮುಟ್ಟುತ್ತದೆ. ಬೆಳಗಿನ ಪತ್ರಿಕೆಯಲ್ಲಿ ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ಮೂರೂ ಇರುತ್ತವೆ. ಓಡುವವರಿಗೆ ಬೇಕಾದದ್ದು ಮೂರನೆಯದು. ಅದು ಏರುತ್ತಿದ್ದರೆ ಅಂದು ದಡದ ಕಾಲುದಾರಿ ಬಿಟ್ಟು ಟಾರು ರಸ್ತೆಯಲ್ಲೇ ಓಡಿ. 1804ರ ಕಲ್ಲಿನ ವೆಲ್ಲೆಸ್ಲಿ ಸೇತುವೆಯ ಮೇಲೆ ದೊಡ್ಡ ಪ್ರವಾಹದ ದಿನ ಕಾಲಿಡಬೇಡಿ.

ಮೊದಲ ಸಲ ಬರುವವರಿಗೆ ದ್ವೀಪದ ದಾರಿ ಒಳ್ಳೆಯದು. ಬೆಂಗಳೂರು, ಮೈಸೂರು ಎರಡೂ ಕಡೆಯಿಂದ ರೈಲಿದೆ, ನಿಲ್ದಾಣ ಕೋಟೆಯ ಒಳಗೇ ಇದೆ. ಜೋಡಿ ಹಳಿ ಹಾಕುವಾಗ ಅಡ್ಡ ಬಂದ ಟಿಪ್ಪುವಿನ ಮದ್ದಿನಮನೆಯನ್ನು 2017ರಲ್ಲಿ ಬುಡಸಮೇತ ಎತ್ತಿ ಪಕ್ಕಕ್ಕೆ ಸರಿಸಿದ್ದು ಇಲ್ಲೇ. ಮೈ ಬೆಚ್ಚಗಾಗುವವರೆಗೆ ನಡೆಯುವಾಗ ಒಮ್ಮೆ ನೋಡಬಹುದು. ರಂಗನಾಥಸ್ವಾಮಿ ಗುಡಿಯ ಮುಂದಿನಿಂದ ಹೊರಟು ಕೋಟೆ ದಾಟಿ, ದರಿಯಾ ದೌಲತ್, ಗಂಜಾಂ, ಗುಂಬಜ್ ಆಗಿ ಸಂಗಮ ಮುಟ್ಟಿದರೆ ಸುಮಾರು ನಾಲ್ಕೂವರೆ ಕಿ.ಮೀ. ಹೋಗಿ ಬಂದರೆ ಒಂಬತ್ತರ ಆಸುಪಾಸು. ಏರಿಳಿತ ಇಲ್ಲವೆನ್ನುವಷ್ಟು ಕಡಿಮೆ. ಅಪಾಯದ ಜಾಗ ಒಂದೇ: ಕೋಟೆಯಿಂದ ಹೊರಬಂದು ಬೆಂಗಳೂರು–ಮೈಸೂರು ಹಳೆ ರಸ್ತೆ ದಾಟುವ ಕಡೆ. ಅಲ್ಲಿ ಓಟ ನಿಲ್ಲಿಸಿ, ನಿಂತು ನೋಡಿ, ನಡೆದೇ ದಾಟಿ. ದರಿಯಾ ದೌಲತ್ ಮತ್ತು ಗುಂಬಜ್‌ನ ಆವರಣಗಳು ಓಡುವ ಜಾಗವಲ್ಲ, ಹೊರಗಿನ ರಸ್ತೆಯಲ್ಲೇ ಸಾಗಿ.

ಸಂಗಮ ಹತ್ತಿರವಾದಂತೆ ಕಡೆಯ ಇನ್ನೂರು ಮೀಟರ್ ನಡೆಯಬೇಕು. ಅಸ್ಥಿ ಬಿಡಲು, ತಿಥಿ ಮಾಡಲು ಬಂದ ಮನೆಯವರು ಬೆಳಿಗ್ಗೆಯೇ ಅಲ್ಲಿರುತ್ತಾರೆ. ದುಃಖದಲ್ಲಿರುವವರ ನಡುವೆ ಏದುಸಿರು ಬಿಡುತ್ತಾ ನುಗ್ಗುವುದು ಸರಿಯಲ್ಲ. ಬೆವರಿಳಿದಿದೆ ಎಂದು ನೀರಿಗೂ ಇಳಿಯಬೇಡಿ. ಎರಡು ಸೀಳು ಕೂಡುವಲ್ಲಿ ಸೆಳೆತ ದಿಕ್ಕು ಬದಲಿಸುತ್ತದೆ, ಬಂಡೆಗಳ ನಡುವೆ ಮಡು ಇರುತ್ತದೆ. ಮೇಲಿನಿಂದ ಶಾಂತವಾಗಿ ಕಾಣುವುದೇ ಮೋಸ.

ಎರಡನೆಯದು ಕರೀಘಟ್ಟ. ಪಟ್ಟಣದಿಂದ ಬೆಂಗಳೂರು ದಿಕ್ಕಿಗೆ ಹೊಳೆ ದಾಟಿ ಬಲಕ್ಕೆ ತಿರುಗಿದರೆ ಲೋಕಪಾವನಿಯ ಕಡೆಗೆ ದಾರಿ. ಗುಡ್ಡದ ಮೇಲೆ ಶ್ರೀನಿವಾಸನ ಗುಡಿ. ಮೇಲೆ ಹೋಗಲು ಸುಮಾರು 450 ಮೆಟ್ಟಿಲೂ ಇವೆ, ವಾಹನದ ರಸ್ತೆಯೂ ಇದೆ. ಮೆಟ್ಟಿಲು ಹತ್ತಿ, ರಸ್ತೆಯಲ್ಲಿ ಇಳಿಯಿರಿ. ಇದನ್ನು ತಿರುವು ಮುರುವು ಮಾಡಬೇಡಿ. ಹತ್ತುವಾಗ ಮೆಟ್ಟಿಲು ಉಸಿರನ್ನಷ್ಟೇ ಪರೀಕ್ಷಿಸುತ್ತದೆ. ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಮೈಭಾರವನ್ನು ತೊಡೆಯ ಮುಂಭಾಗದ ಸ್ನಾಯು ತಡೆದು ಹಿಡಿಯಬೇಕು, ಆಯಾಸಗೊಂಡ ಮೇಲೆ ಆ ಹೊರೆ ಮಂಡಿಗೆ ಬೀಳುತ್ತದೆ. ಜೊತೆಗೆ ಜನ ತುಳಿದು ನುಣುಪಾದ ಕಲ್ಲು ಇಬ್ಬನಿ ಬಿದ್ದರೂ ಜಾರುತ್ತದೆ. ಹತ್ತುವಾಗ ಓಡಲೇಬೇಕೆಂದಿಲ್ಲ. ಕೈಯನ್ನು ತೊಡೆಗೆ ಊರಿ, ಮಾತಾಡಲು ಆಗುವಷ್ಟು ಉಸಿರಿಟ್ಟುಕೊಂಡು ನಡೆದವರು ಮೇಲೆ ಮುಟ್ಟಿದಾಗ ಇಳಿಯಲು ಕಾಲು ಉಳಿಸಿಕೊಂಡಿರುತ್ತಾರೆ. ಇಳಿಜಾರಿನಲ್ಲಿ ಹೆಜ್ಜೆ ಚಿಕ್ಕದಿರಲಿ, ಕಣ್ಣು ಮೂರು ನಾಲ್ಕು ಮೀಟರ್ ಮುಂದಿರಲಿ. ಮೇಲಿನಿಂದ ಲೋಕಪಾವನಿ ಬಂದು ಕಾವೇರಿಗೆ ಸೇರುವುದು, ಗದ್ದೆಗಳ ಹಸಿರು, ಆಚೆ ದೂರದಲ್ಲಿ ಚಾಮುಂಡಿ ಬೆಟ್ಟ ಕಾಣುತ್ತವೆ. ಹತ್ತು ನಿಮಿಷ ಕೂತು ನೋಡಿ. ಓಟದ ಗಡಿಯಾರಕ್ಕಿಂತ ಅದು ಮುಖ್ಯ.

ಕರೀಘಟ್ಟ ಒಣಕುರುಚಲು ಕಾಡು: ಜಾಲಿ, ಲಂಟಾನ, ಮುಳ್ಳು. ರಸ್ತೆ ಮತ್ತು ಮೆಟ್ಟಿಲು ಬಿಟ್ಟು ಒಳಗಿನ ಕಾಲುದಾರಿಗೆ ಇಳಿಯುವುದಾದರೆ ಅರಣ್ಯ ಇಲಾಖೆಯ ಅನುಮತಿ ಇರಬೇಕು. ಹತ್ತಿರದ ರಂಗನತಿಟ್ಟು 1940ರಿಂದ ಪಕ್ಷಿಧಾಮ. ಅದರೊಳಗೆ ಓಟದ ಮಾತೇ ಬೇಡ. ಚಿರತೆಯ ವಿಷಯವನ್ನೂ ನೇರವಾಗಿ ಹೇಳಬೇಕು. ಮಂಡ್ಯ ಸೀಮೆಯ ಕಬ್ಬಿನ ಗದ್ದೆ ಚಿರತೆಗೆ ಒಳ್ಳೆಯ ಅಡಗುತಾಣ. ನಾಯಿ, ಕುರಿ ಸಿಗುವ ಊರಂಚಿಗೆ ಅದು ಬರುವುದು ಕತ್ತಲಲ್ಲಿ. ಆದ್ದರಿಂದ ತಲೆದೀಪ ಕಟ್ಟಿಕೊಂಡು ನಾಲ್ಕೂವರೆಗೆ ಓಡುವ ಊರಿನ ಅಭ್ಯಾಸ ಇಲ್ಲಿಗೆ ತರಬೇಡಿ. ಜನವರಿಯಲ್ಲಿ ಸೂರ್ಯ ಹುಟ್ಟುವುದು 6.45ರ ಹೊತ್ತಿಗೆ, ಜೂನ್‌ನಲ್ಲಿ ಆರಕ್ಕೆ ಕೊಂಚ ಮೊದಲು. ಬೆಳಕು ಹರಿದ ಮೇಲೆ ಹೊರಡಿ, ಸಂಜೆ ಮಬ್ಬಾಗುವ ಮೊದಲು ಮುಗಿಸಿ. ಕಬ್ಬಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಶೂ ದಾರ ಕಟ್ಟಬೇಡಿ, ಕಿವಿಗೆ ಇಯರ್‌ಫೋನ್ ಬೇಡ, ಇಬ್ಬರಾದರೂ ಇರಿ. ಕಂಡರೆ ಬೆನ್ನು ತೋರಿಸಿ ಓಡದೆ, ಕೈ ಮೇಲೆತ್ತಿ, ಜೋರಾಗಿ ಮಾತಾಡುತ್ತಾ ಹಿಂದೆ ಸರಿಯಿರಿ.

ನಾಲೆಯ ಏರಿ, ಅಂದರೆ ಮಣ್ಣಿನ ದಂಡೆ, ನೋಡಲು ಬಲು ಸೊಗಸು: ಒಂದು ಕಡೆ ತುಂಬಿದ ನೀರು, ಇನ್ನೊಂದು ಕಡೆ ಭತ್ತ. ಆದರೆ ಮಳೆಗಾಲದಲ್ಲಿ ಅದು ಓಡುವವರ ಶತ್ರು. ಹೂಳೆತ್ತಿದಾಗ ನಾಲೆಯ ನುಣ್ಣನೆ ಮಣ್ಣನ್ನು ಏರಿಯ ಮೇಲೇ ಸುರಿದಿರುತ್ತಾರೆ. ಮಳೆ ಬಿದ್ದರೆ ಅದು ಹಿಟ್ಟಿನಂತೆ ಶೂ ತಳಕ್ಕೆ ಮೆತ್ತಿಕೊಂಡು ಹಿಡಿತವೇ ಇಲ್ಲದಂತಾಗುತ್ತದೆ. ಎರಡು ದಿನ ಬಿಸಿಲು ಕಾದ ಮೇಲೆ ಹೋಗಿ, ನೀರಿನ ಕಡೆ ಬಿಟ್ಟು ಗದ್ದೆಯ ಕಡೆಯ ಗಾಲಿಜಾಡಿನಲ್ಲಿ ಓಡಿ. ಸಿಮೆಂಟ್ ಹಾಕಿದ ನಾಲೆಯಲ್ಲಿ ಕಾಲು ತೊಳೆಯಲು ಇಳಿಯಬೇಡಿ. ಪಾಚಿ ಕಟ್ಟಿದ ಇಳಿಜಾರು ಗೋಡೆ ಹತ್ತಿ ಬರಲು ಈಜು ಬಲ್ಲವರಿಗೂ ಆಗುವುದಿಲ್ಲ.

ಹಳ್ಳಿ ರಸ್ತೆಯ ತೊಡಕುಗಳು ಸುಗ್ಗಿಯಲ್ಲಿ ಹೆಚ್ಚು. ರೈತರು ಹುರುಳಿ, ರಾಗಿ ತೆನೆಯನ್ನು ಟಾರಿನ ಮೇಲೆ ಹರಡಿ ಒಕ್ಕುತ್ತಾರೆ. ಒಣ ಹುರುಳಿ ಕಡ್ಡಿ ಕಾಲಡಿ ಉರುಳುತ್ತದೆ. ಅದು ಅವರ ಅನ್ನ ಕೂಡ, ಅಂಚಿನಲ್ಲಿ ನಡೆದು ದಾಟಿ. ಕಬ್ಬಿನ ಟ್ರಾಕ್ಟರ್ ಎದುರಾದರೆ ರಸ್ತೆಯಿಂದ ಪೂರ್ತಿ ಕೆಳಗಿಳಿಯಿರಿ, ಹಿಂದಿನ ಟ್ರೈಲರ್ ತಿರುವಿನಲ್ಲಿ ಒಳಕ್ಕೆ ಎಳೆಯುತ್ತದೆ. ಆಲೆಮನೆಯ ಹೊಗೆ ತಣ್ಣನೆ ಬೆಳಗಿನಲ್ಲಿ ಮೇಲೇಳದೆ ನೆಲದಲ್ಲೇ ನಿಲ್ಲುತ್ತದೆ, ಉಬ್ಬಸವಿರುವವರು ಬಳಸಿ ಹೋಗಲಿ.

ದ್ವೀಪದ ದಾರಿಗೆ ಮಾಮೂಲಿ ಶೂ ಸಾಕು. ಏರಿ ಮತ್ತು ಗುಡ್ಡಕ್ಕೆ ಮೂರು ನಾಲ್ಕು ಮಿಲಿಮೀಟರ್ ಹಲ್ಲಿರುವ ತಳ ಬೇಕು. ಗಂಟೆಗೆ ಸುಮಾರು ಅರ್ಧ ಲೀಟರ್ ನೀರು ಜೊತೆಗಿರಲಿ. ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಅರ್ಧ ಲೀಟರ್ ಬಾಟಲಿಗೆ ಸುರಿಯಬೇಡಿ. ದ್ರಾವಣ ಗಟ್ಟಿಯಾದರೆ ಹೊಟ್ಟೆ ತೊಳಸುತ್ತದೆ, ದಾಹ ಇನ್ನೂ ಹೆಚ್ಚುತ್ತದೆ.

ನಾಯಿ ಅಟ್ಟಿಸಿಕೊಂಡು ಬಂದರೆ ನಿಲ್ಲಿ, ಕಣ್ಣಲ್ಲಿ ಕಣ್ಣಿಡದೆ ನಿಧಾನ ನಡೆಯಿರಿ. ಅದು ಬೆನ್ನಟ್ಟುವುದು ಓಡುವ ಕಾಲನ್ನು. ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ಅಂದೇ ರೇಬೀಸ್ ಲಸಿಕೆ ಶುರು ಮಾಡಿ. ಬದುವಿನ ಹುಲ್ಲಿನಲ್ಲಿ ಕೊಳಕುಮಂಡಲ ಇರುತ್ತದೆ. ಕಡಿದರೆ ಕಟ್ಟು ಬಿಗಿಯಬಾರದು, ಕುಯ್ಯಬಾರದು, ನಾಟಿ ಔಷಧಿ ಹುಡುಕುತ್ತಾ ಹೊತ್ತು ಕಳೆಯಬಾರದು. ಕಾಲು ಅಲುಗಿಸದಂತೆ ಇಟ್ಟು 108ಕ್ಕೆ ಕರೆ ಮಾಡಿ. ಎಲ್ಲಿದ್ದೀರಿ ಎಂದು ಕೇಳಿದಾಗ ಹೇಳಲು ಹತ್ತಿರದ ಊರಿನ ಹೆಸರು, ನಾಲೆಯ ತೂಬು ಅಥವಾ ಸೇತುವೆಯ ಗುರುತನ್ನು ದಾರಿಯುದ್ದಕ್ಕೂ ನೆನಪಿಟ್ಟುಕೊಳ್ಳುತ್ತಾ ಓಡಿ.