ಮೆಲ್ಬರ್ನ್‌ಗೆ ಓದಲು ಬಂದ ಮಕ್ಕಳೇ, ಕಷ್ಟವನ್ನು ಮುಚ್ಚಿಡಬೇಡಿ

ಹೋದ ಚಳಿಗಾಲದಲ್ಲಿ ಒಬ್ಬ ಹುಡುಗ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಓದಲು ಬಂದು ಐದು ತಿಂಗಳಾಗಿತ್ತು. ಜಾಕೆಟ್ ತೆಗಿಯಪ್ಪ ಅಂದರೆ "ಪರವಾಗಿಲ್ಲ ಆಂಟಿ, ಚಳಿ" ಎನ್ನುತ್ತಿದ್ದ. ಮನೆಯೊಳಗೆ ಹೀಟರ್ ಉರಿಯುತ್ತಿತ್ತು. ಕೈ ತೊಳೆಯುವಾಗ ತೋಳು ಮೇಲೆ ಸರಿಯಿತು. ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಗಾಯ. ಅದಕ್ಕೆ ಟಿಶ್ಯೂ ಪೇಪರ್ ಸುತ್ತಿ, ಪಾರ್ಸೆಲ್ ಕಟ್ಟುವ ಟೇಪ್ ಅಂಟಿಸಿಕೊಂಡಿದ್ದ. ಕೆಲಸದ ಜಾಗದಲ್ಲಿ ಕಾದ ಎಣ್ಣೆ ಬಿದ್ದು ಆಗಲೇ ಒಂಬತ್ತು ದಿನ. "ಆಸ್ಪತ್ರೆಗೆ ಹೋದರೆ ವೀಸಾ ವಿಚಾರಿಸ್ತಾರೆ, ಹುಷಾರು" ಎಂದು ಮಾಲೀಕ ಹೇಳಿದ್ದನಂತೆ. ಇವನು ಅದನ್ನು ನಂಬಿ ಸುಮ್ನೆ ಇದ್ದ.

ನಾನು ಈ ಊರಿಗೆ ಬಂದು ಹದಿನೆಂಟು ವರ್ಷವಾಯಿತು. 2009ರಲ್ಲಿ ನಮ್ಮ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾಗಿ, ಅವರು ಬೀದಿಗಿಳಿದು ಕೂಗಿದ್ದನ್ನೂ ನೋಡಿದ್ದೇನೆ. ಆದರೆ ಬೀದಿಯ ಕಳ್ಳಕಾಕರಿಗಿಂತ ಜಾಸ್ತಿ ಮಕ್ಕಳನ್ನು ಕಾಡುವುದು "ಹೇಳಿದರೆ ವೀಸಾ ಹೋಗುತ್ತದೆ" ಎನ್ನುವ ಭಯ. ಅದಕ್ಕೇ ಆ ವಿಷಯ ಮೊದಲು ಹೇಳುತ್ತೇನೆ.

ವೈದ್ಯರ ಹತ್ತಿರ ಹೇಳಿಕೊಂಡದ್ದು ವೈದ್ಯರಲ್ಲೇ ಇರುತ್ತದೆ. ವೀಸಾಕ್ಕಾಗಿ ನೀವು ಆಗಲೇ ದುಡ್ಡು ಕಟ್ಟಿ ಮಾಡಿಸಿದ ಆರೋಗ್ಯ ವಿಮೆ ಇದೆಯಲ್ಲ, ಓಎಸ್‌ಎಚ್‌ಸಿ, ಅದು ಇರುವುದೇ ಇದಕ್ಕೆ. ಜೀವಕ್ಕೆ ಅಪಾಯ ಅನ್ನಿಸಿದರೆ ಮೂರು ಸೊನ್ನೆ ಒತ್ತಿ, 000. ಆಂಬ್ಯುಲೆನ್ಸ್ ಬಿಲ್ ನೆನೆಸಿಕೊಂಡು ಕಾಯಬೇಡಿ, ತುರ್ತು ಆಂಬ್ಯುಲೆನ್ಸ್ ಖರ್ಚು ಆ ವಿಮೆಯಲ್ಲೇ ಸೇರಿದೆ. ಜ್ವರ, ಕೆಮ್ಮಿಗೆ ಹತ್ತಿರದ ಜಿಪಿ, ಅಂದರೆ ಸಾಮಾನ್ಯ ವೈದ್ಯರು, ಸಾಕು. ವಿಮೆ ಕಂಪನಿಗೇ ನೇರವಾಗಿ ಬಿಲ್ ಕಳಿಸುತ್ತೀರಾ ಎಂದು ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಕೇಳಿ. ಹಲ್ಲು, ಕನ್ನಡಕದ ಖರ್ಚು ಸಾಮಾನ್ಯವಾಗಿ ಇದರಲ್ಲಿ ಬರುವುದಿಲ್ಲ.

ಇನ್ನು ಕೆಲಸ. ಕ್ಲಾಸ್ ನಡೆಯುವಾಗ ಎರಡು ವಾರಕ್ಕೆ 48 ಗಂಟೆ ಮಾತ್ರ. 2023ರ ಜುಲೈನಿಂದ ಇರುವ ಮಿತಿ ಇದು. ಬಾಡಿಗೆ ಕಟ್ಟಲಾಗದೆ ಒಂದೆರಡು ಸಲ ಮಿತಿ ದಾಟಿದವರನ್ನೇ ಮಾಲೀಕರು ಹಿಡಿದುಕೊಳ್ಳುವುದು. ಸಂಬಳ ಕಡಿಮೆ ಕೊಡುತ್ತಾರೆ. ಕೇಳಿದರೆ "ಕಂಪ್ಲೇಂಟ್ ಮಾಡ್ತೀನಿ" ಅನ್ನುತ್ತಾರೆ. ಹಾಗೆ ವೀಸಾ ತೋರಿಸಿ ಹೆದರಿಸಿ ದುಡಿಸಿಕೊಳ್ಳುವುದೇ 2024ರ ಜುಲೈ 1ರಿಂದ ಅಪರಾಧ. ಸಂಬಳ, ಕೆಲಸದ ದೂರು ಕೇಳುವ ಸರ್ಕಾರಿ ಕಚೇರಿ ಫೇರ್ ವರ್ಕ್ ಆಂಬಡ್ಸ್‌ಮನ್‌ಗೆ 13 13 94ರಲ್ಲಿ ಫೋನ್ ಮಾಡಿ. ಶೋಷಣೆಗೆ ಸಿಕ್ಕಿ ನೆರವು ಕೇಳಿಕೊಂಡು ಬಂದವರನ್ನು ವೀಸಾ ರದ್ದಿನಿಂದ ಕಾಪಾಡುವ ವ್ಯವಸ್ಥೆಯೂ ಇದೆ. ಮುಂದೆ ನಿಯಮ ಮೀರದೆ ನಡೆದುಕೊಳ್ಳುವುದು ಅದರ ಒಂದು ಷರತ್ತು. ಇಂಗ್ಲಿಷಿನಲ್ಲಿ ಹೇಳಿಕೊಳ್ಳಲು ತಡವರಿಸುತ್ತೀರಾ? 131 450ಕ್ಕೆ ಕರೆ ಮಾಡಿ ದುಭಾಷಿ ಕೇಳಬಹುದು. ಕೆಲಸದಲ್ಲಿ ಗಾಯವಾದರೆ ಪರಿಹಾರ ಕೇಳುವ ಹಕ್ಕು ವಿದ್ಯಾರ್ಥಿಗೂ ಇದೆ. ಕೈಗೆ ನಗದು ಕೊಡುತ್ತಿದ್ದರು ಎಂದ ಮಾತ್ರಕ್ಕೆ ಅದು ತಪ್ಪಿಹೋಗುವುದಿಲ್ಲ.

ಮನಸ್ಸಿನ ವಿಷಯ ಹೇಳಲು ನನಗೆ ಸ್ವಲ್ಪ ಹೊತ್ತು ಬೇಕು. ಜೂನ್, ಜುಲೈನಲ್ಲಿ ಇಲ್ಲಿ ಸಂಜೆ ಐದೂಕಾಲಿಗೆಲ್ಲ ಕತ್ತಲು. ಅದೇ ಹೊತ್ತಿಗೆ ಮೊದಲ ಸೆಮಿಸ್ಟರ್ ಫಲಿತಾಂಶವೂ ಬರುತ್ತದೆ. ಊರಲ್ಲಿ ಮೊದಲ ಬೆಂಚಿನಲ್ಲಿ ಕೂರುತ್ತಿದ್ದ ಮಗು ಒಂದು ಪೇಪರಿನಲ್ಲಿ ಫೇಲ್ ಆಗಿರುತ್ತದೆ. ಅಪ್ಪ ಸಾಲ ಮಾಡಿ ಕಳಿಸಿದ್ದಾರೆ, ಹೇಗೆ ಹೇಳುವುದು? ಹಾಗಾಗಿ ವಿಡಿಯೋ ಕಾಲ್ ಬಿಟ್ಟು ಬರೀ ಮೆಸೇಜ್ ಶುರುವಾಗುತ್ತದೆ. ಆಮೇಲೆ ಕ್ಲಾಸಿಗೆ ಹೋಗುವುದು ನಿಲ್ಲುತ್ತದೆ. ದಯವಿಟ್ಟು ಇಲ್ಲಿ ಒಂದು ಮಾತು ಕೇಳಿ. ಹೇಳದೆ ಕೇಳದೆ ಕ್ಲಾಸ್ ಬಿಟ್ಟರೆ ವೀಸಾಕ್ಕೆ ನಿಜವಾದ ತೊಂದರೆ. ಕಾಯಿಲೆ, ಮನೆಯಲ್ಲಿ ಸಾವು, ಆಘಾತ ಇಂಥ ಗಟ್ಟಿ ಕಾರಣ ಇದ್ದರೆ, ಕಾಗದಪತ್ರ ಕೊಟ್ಟು ಓದನ್ನು ಸ್ವಲ್ಪ ಕಾಲ ನಿಲ್ಲಿಸಲು ಅಥವಾ ವಿಷಯ ಕಡಿಮೆ ಮಾಡಿಕೊಳ್ಳಲು ಅವಕಾಶ ಇದೆ. ವಿದೇಶಿ ವಿದ್ಯಾರ್ಥಿಗಳ ನೆರವಿನ ವಿಭಾಗಕ್ಕೆ ಹೋಗಿ ಮಾತಾಡಿ. ಕೌನ್ಸೆಲರ್ ಇರುತ್ತಾರೆ. ಅವರ ಹತ್ತಿರ ಹೋದರೆ "ತಲೆ ಕೆಟ್ಟಿದೆ" ಅಂತ ಯಾರೂ ಅನ್ನುವುದಿಲ್ಲ. ನಡುರಾತ್ರಿ ಬದುಕೇ ಬೇಡ ಅನ್ನಿಸಿದರೆ ಲೈಫ್‌ಲೈನ್ ಸಹಾಯವಾಣಿ, 13 11 14. ಯಾವ ಹೊತ್ತಿನಲ್ಲೂ ಎತ್ತುತ್ತಾರೆ. ಯೂನಿವರ್ಸಿಟಿಯೇ ನಿಮ್ಮ ಮಾತು ಕೇಳದಿದ್ದರೆ ವಿದ್ಯಾರ್ಥಿಗಳ ದೂರು ವಿಚಾರಿಸುವ ನ್ಯಾಷನಲ್ ಸ್ಟೂಡೆಂಟ್ ಆಂಬಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಅದು 2025ರ ಫೆಬ್ರವರಿಯಲ್ಲಿ ಶುರುವಾಗಿದೆ.

ಬೇಸಿಗೆ ಬಂದರೆ ನನಗೆ ಕಡಲಿನದೇ ಚಿಂತೆ. 2024ರ ಜನವರಿಯಲ್ಲಿ ಫಿಲಿಪ್ ಐಲ್ಯಾಂಡಿನ ಫಾರೆಸ್ಟ್ ಕೇವ್ಸ್ ಬೀಚಿನಲ್ಲಿ ಭಾರತ ಮೂಲದ ನಾಲ್ವರು ಮುಳುಗಿ ತೀರಿಕೊಂಡರು. ಅಲ್ಲಿ ಕಾವಲಿಗೆ ಯಾರೂ ಇರಲಿಲ್ಲ. ಕೆರೆ, ಹೊಳೆಯಲ್ಲಿ ಈಜಿದವರಿಗೂ ಈ ನೀರು ಹೊಸದು. ಅಲೆಗಳು ಒಡೆಯದೆ ಶಾಂತವಾಗಿ ಕಾಣುವ ಪಟ್ಟಿಯಲ್ಲೇ ಬಹಳ ಸಲ ಒಳಕ್ಕೆ ಎಳೆಯುವ ಸೆಳೆತ ಇರುತ್ತದೆ, ಅದಕ್ಕೆ ರಿಪ್ ಅನ್ನುತ್ತಾರೆ. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಿರಿ. ಬಾವುಟ ಇಲ್ಲದಿದ್ದರೆ ಮರಳಲ್ಲೇ ಕೂತು ಬನ್ನಿ. ಸೆಳೆತಕ್ಕೆ ಸಿಕ್ಕರೆ ಎದುರು ಈಜಿ ಸುಸ್ತಾಗಬೇಡಿ. ತೇಲುತ್ತಾ ಕೈ ಎತ್ತಿ ಕೂಗಿ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಕೋಣೆ ನೋಡದೆ ದುಡ್ಡು ಕಳಿಸಬೇಡಿ. ಬಾಡಿಗೆಯ ಬಾಂಡ್, ಅಂದರೆ ಮುಂಗಡ ಠೇವಣಿ, ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ಆರ್‌ಟಿಬಿಎ ಎಂಬ ಸರ್ಕಾರಿ ಸಂಸ್ಥೆಯಲ್ಲಿ ಇರಬೇಕು, ಮಾಲೀಕರ ಜೇಬಿನಲ್ಲಲ್ಲ. "ಟ್ಯಾಕ್ಸ್ ಬಾಕಿ, ಈಗಲೇ ಕಟ್ಟಿ, ಇಲ್ಲಾಂದ್ರೆ ಅರೆಸ್ಟ್" ಎಂದು ಫೋನ್ ಬಂದರೆ ಇಟ್ಟುಬಿಡಿ. ನಿಮ್ಮ ಬ್ಯಾಂಕ್ ಅಕೌಂಟನ್ನು ಯಾರಿಗೂ ಬಾಡಿಗೆಗೆ ಕೊಡಬೇಡಿ, ಎಷ್ಟು ದುಡ್ಡು ಕೊಟ್ಟರೂ. ಅದು ಅಪರಾಧ. ತಡರಾತ್ರಿ ರೈಲಿನಲ್ಲಿ ಜನ ಇರುವ ಡಬ್ಬಿಯಲ್ಲಿ ಕೂತುಕೊಳ್ಳಿ.

ಮನೆ ಬದಲಾಯಿಸಿದರೆ ಏಳು ದಿನದೊಳಗೆ ಯೂನಿವರ್ಸಿಟಿಗೆ ತಿಳಿಸಬೇಕು. ವಿಳಾಸ ತುಂಬುವ ಪುಟದಲ್ಲೇ ತುರ್ತು ಸಂಪರ್ಕ ಎಂಬ ಜಾಗ ಇರುತ್ತದೆ. ಎಲ್ಲರೂ ಊರಿನ ಅಪ್ಪನ ನಂಬರ್ ಬರೆಯುತ್ತಾರೆ. ಅದರ ಜೊತೆಗೆ, ಅರ್ಧ ಗಂಟೆಯಲ್ಲಿ ಆಸ್ಪತ್ರೆಗೆ ಬರಬಲ್ಲ ಇಲ್ಲಿಯವರ ನಂಬರ್ ಒಂದನ್ನು ಬರೆಯಿರಿ. ಯಾರೂ ಗೊತ್ತಿಲ್ಲ ಅಂದರೆ ಇಲ್ಲಿನ ಕನ್ನಡದವರ ಕಾರ್ಯಕ್ರಮಕ್ಕೆ ಬಂದು, ಯಾವ ಮನೆಯವರನ್ನಾದರೂ ಕೇಳಿ. ಸಂಕೋಚ ಬೇಡ. ಆ ಹುಡುಗನ ಕೈ ವಾಸಿಯಾಗಿದೆ, ಕಲೆ ಉಳಿದಿದೆ. ಅವನ ಆ ಪುಟದಲ್ಲಿ ಈಗ ನನ್ನ ನಂಬರ್ ಇದೆ.